ಫಿರಂಗಿ ಕೋಠಿಯ ಕೆನೆಬಟ್ಟಲು

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದರೆ ನಕ್ಕುಬಿಡಿ. ಆದರೆ ಗಣಪಿಯ ಮುಖ ನೆನೆದು ಸ್ವಲ್ಪ ಮೆಲ್ಲಗೆ ನಗಿ.

ಹೊಳೆ ಸಮುದ್ರ ಸೇರೋ ಕಡೆ ಒಂದು ಊರು. ಅಲ್ಲಿ ಗಣಪಿ ಅಂತ ಒಬ್ಬಳು, ಅವಳಿಗೊಬ್ಬ ಮಗ ಬುದ್ಯಾ. ಬುಧವಾರ ಹುಟ್ಟಿದ್ದಕ್ಕೆ ಬುದ್ಯಾ. ಬುದ್ಧಿ ಇದ್ದದ್ದು ಹೆಸರಲ್ಲಷ್ಟೇ! ಮೂವತ್ತು ದಾಟಿದ ಗಂಡಸು, ಇಷ್ಟುದ್ದ ಮೀಸೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಅದೇ ಅವನ ರೋಗ. "ಇವನನ್ನ ಕಟ್ಕೊಂಡು ನಾನೇನು ಮಾಡ್ಲಿ!" ಅಂತ ಗಣಪಿ ಹಣೆ ಹಣೆ ಚಚ್ಚಿಕೊಳ್ತಿದ್ದಳು.

ಗಣಪಿ ಅಡುಗೆ ಮಾಡ್ತಿದ್ದದ್ದು ಫಿರಂಗಿ ಕೋಠಿಯಲ್ಲಿ. ಪೋರ್ಚುಗೀಸರು ಯಾವ ಕಾಲದಲ್ಲೋ ಕಟ್ಟಿಸಿದ್ದು. ಮೊಳ ದಪ್ಪದ ಗೋಡೆ, ಕಿಟಕಿಗೆ ಗಾಜಿನ ಬದಲು ಚಿಪ್ಪು, ಕಿಟಕಿಯ ಕೆಳಗೇ ಹೊಳೆ. ಭಾನುವಾರ ಹತ್ತು ಗಂಟೆಗೆ ಅಲ್ಲಿ ಫಿರಂಗಿ ಊಟ. ತಿಂಡಿಗೆ ತಡ, ಊಟಕ್ಕೆ ಬೇಗ, ಎರಡನ್ನೂ ಸೇರಿಸಿ ಒಂದೇ ಸಲ ಬಡಿಸೋದು. ಪಾವು, ಮೀನಿನ ವಡೆ, ಮೊಟ್ಟೆ, ಕೊನೆಗೆ ಬಿಸಿಬಿಸಿ ಕೆನೆಬಟ್ಟಲು. ಹಿಟ್ಟಿನ ಪುಟ್ಟ ಬಟ್ಟಲಿಗೆ ಹಾಲು, ಮೊಟ್ಟೆ, ಸಕ್ಕರೆ ತುಂಬಿ ಮೇಲೆ ಕಪ್ಪಗೆ ಸುಟ್ಟ ಸಿಹಿ. ಕೆನೆಬಟ್ಟಲು ಅಂತ ಹೆಸರಿಟ್ಟವಳು ಗಣಪಿಯೇ. ಫಿರಂಗಿಯವರ ಹೆಸರು ಅವಳಿಗೆ ಹಿಡಿಸಿರಲಿಲ್ಲ. "ತಿನ್ನೋ ವಸ್ತುವಿಗೆ ಅಂಥ ಹೆಸರಾ! ಥೂ!" ಅಂತಿದ್ದಳು.

ಇಪ್ಪತ್ತೆಂಟು ವರ್ಷ ಅದನ್ನ ಸುಟ್ಟಳು, ಒಂದನ್ನೂ ತಿಂದಿರಲಿಲ್ಲ. ಅಡುಗೆಯವರು ಮೇಜಿನ ತಿನಿಸು ಮುಟ್ಟಬಾರದು ಅಂತ ಹಳೇ ಯಜಮಾನಿಯ ಕಟ್ಟಳೆ. ಈಗಿನ ಒಡತಿ ಅಮೆಲಿಬಾಯಿ ಒಳ್ಳೆಯವಳು. ಗೋಡೆ ಬಿರುಕು ಬಿಟ್ಟು ಕೋಠಿಗೆ ಬೀಗ ಹಾಕೋ ಕಾಲ ಬಂದಾಗ ಅಂದಳು: "ಗಣಪೀ, ಈ ಭಾನುವಾರವೇ ಕೊನೆ. ಬೇಯಿಸಿಟ್ಟು ನೀನು ಮೇಜಿಗೆ ಕೂರು, ನಾನು ಬಡಿಸ್ತೀನಿ. ಮಗನೂ ಬರಲಿ."

ಗಣಪಿಗೆ ಆಸೆ ಅಂದರೆ ಆಸೆ! ಒಂದೇ ಒಂದು ಕೆನೆಬಟ್ಟಲು, ಬಿಸಿದು, ಕೂತು ತಿನ್ನಬೇಕು.

"ಬುದ್ಯಾ, ಎರಡು ಡಜನ್ ಪಾವು ತಗೊಂಡು ಬಾ!"

ಹೋದ. ಕೇರಿಯ ಮನೆಮನೆಯಿಂದ ಅಕ್ಕಿ ಅಳೆಯೋ ಪಾವು ಎತ್ಕೊಂಡು ಬಂದ, ಇಪ್ಪತ್ನಾಲ್ಕು!

"ಅಯ್ಯೋ ಪೆದ್ದೇ! ಅಳೆಯೋ ಪಾವಲ್ವೋ, ತಿನ್ನೋ ಪಾವು! ತಿನ್ನೋದನ್ನ ಹೆಬ್ಬೆಟ್ಟಲ್ಲಿ ಒತ್ತಿ ನೋಡಿ ತರಬೇಕು!"

"ಆಗ್ಲಮ್ಮಾ, ಒತ್ತಿ ನೋಡ್ತೀನಿ!"

ಮೊಟ್ಟೆಗೆ ಕಳಿಸಿದಳು. ಒತ್ತಿದ. ಪಚಕ್! ಇನ್ನೊಂದು ಒತ್ತಿದ. ಪಚಕ್! ಮೊಣಕೈತನಕ ಲೋಳೆ ಸುರಿಸ್ಕೊಂಡು ಬಂದ. "ಎಲ್ಲಾ ಮೆತ್ತಗಿವೆ ಅಮ್ಮಾ!"

"ನಿನ್ನ ತಲೆ! ಮೊಟ್ಟೆನ ನೀರಲ್ಲಿ ಬಿಟ್ಟು ನೋಡಬೇಕು! ಮುಳುಗಿದ್ರೆ ಒಳ್ಳೇದು!"

"ಆಗ್ಲಮ್ಮಾ, ನೀರಲ್ಲಿ ಬಿಡ್ತೀನಿ!"

ಸಕ್ಕರೆಗೆ ಕಳಿಸಿದಳು. ಕಟ್ಟೆ ಮೇಲೆ ನಿಂತು ಬಾವಿಗೆ ಸುರಿದ. "ಅಷ್ಟೂ ಮುಳುಗಿತಮ್ಮಾ! ಭಾರೀ ಒಳ್ಳೇ ಸಕ್ಕರೆ!"

ಗಣಪಿ ನೆಲಕ್ಕೆ ಕುಸಿದಳು. "ಮುಖದ ಮೇಲೆ ಮೂಗು ಯಾಕಿದೆಯೋ? ನಾಳೆ ಮೀನಿಗೆ ಹೋಗ್ತೀಯಲ್ಲ, ಮೂಸಿ ನೋಡು! ನಾತ ಬಂತೋ, ಹೊಳೆಗೆ ಎಸಿ!"

"ಆಗ್ಲಮ್ಮಾ, ನಾತ ಬಂದ್ರೆ ಎಸೀತೀನಿ!"

ಮಾರನೇ ದಿನ ಏನಾಯ್ತು ಗೊತ್ತಾ? ಸರಿಯಾಗಿಯೇ ಮಾಡಿದ! ಕೊಳೆತ ಮೀನು ಎರಡನ್ನ ಹೊಳೆಗೆ ಎಸೆದು, ಕಣ್ಣು ಹೊಳೆಯೋ ತಾಜಾ ಮೀನು ತಂದ. ಗಣಪಿಗೆ ಕಣ್ಣೀರೇ ಬಂತು. ಮಗನ ಕೆನ್ನೆ ಹಿಡಿದು ಅಂದಳು: "ನನ್ನಪ್ಪಾ, ಹೀಗೇ ಇರು! ಇನ್ಮೇಲೆ ನಾತ ಬಂತು ಅಂತ ಕಿವಿಗೆ ಬಿದ್ದರೂ ಸಾಕು, ಎಸಿ. ನನ್ನನ್ನೂ ಕೇಳಬೇಡ!"

ಅಷ್ಟು ಹೇಳದೇ ಇದ್ದಿದ್ದರೆ! ಆಮೇಲೆ ಎಷ್ಟು ಸಲ ಹಾಗಂದುಕೊಂಡಳೋ.

ಭಾನುವಾರ ಬಂತು. ಗಣಪಿ ಮುಂಜಾನೆಯೇ ಎಲ್ಲ ಬೇಯಿಸಿದಳು. ಉಳಿದಿದ್ದ ಹಾಲು, ಮೊಟ್ಟೆ, ಸಕ್ಕರೆ ಅಷ್ಟೂ ಸುರಿದು ಒಂದೇ ಒಂದು ತಟ್ಟೆ ಕೆನೆಬಟ್ಟಲು ಒಲೆಗಿಟ್ಟಳು. ಸೀರೆ ಬದಲಿಸಿ, ಮಗನ ಪಕ್ಕ, ತೆರೆದ ಕಿಟಕಿಯ ಹತ್ತಿರ ಕೂತಳು. ಅಮೆಲಿಬಾಯಿ ಪಾವು ಬಡಿಸಿದಳು, ವಡೆ ಬಡಿಸಿದಳು. ಗಣಪಿ ಎರಡೇ ತುತ್ತು ತಿಂದು ನಿಲ್ಲಿಸಿದಳು. ಹೊಟ್ಟೆಯಲ್ಲಿ ಜಾಗ ಉಳಿಸ್ಕೋಬೇಕಲ್ಲ!

ಒಲೆಯ ಬಾಗಿಲು ತೆರೆದ ಸದ್ದು. ಅಮೆಲಿಬಾಯಿ ಬಿಸಿ ತಟ್ಟೆಯನ್ನ ಬಟ್ಟೆಯಲ್ಲಿ ಹಿಡಿದು ಓಡೋಡಿ ಬಂದಳು, ಖುಷಿಯಲ್ಲಿ ಕೂಗಿದಳು:

"ಗಣಪೀ, ನಾತಾ ಬಂತು! ಬಿಸಿಬಿಸಿ ನಾತಾ ಬಂತು!"

ಫಿರಂಗಿಯವರ ಮಾತಲ್ಲಿ ನಾತಾ ಅಂದರೆ ಕೆನೆ, ಆ ಸಿಹಿಗೂ ಅದೇ ಹೆಸರು. ಬುದ್ಯಾಗೆ ಗೊತ್ತಿದ್ದ ನಾತ ಒಂದೇ. ಎದ್ದ. ಬಟ್ಟೆ ಸಮೇತ ತಟ್ಟೆ ಕಿತ್ಕೊಂಡ. ಗಣಪಿ "ಅಯ್ಯಯ್ಯೋ!" ಅನ್ನೋದರೊಳಗೆ ಕಿಟಕಿಯಾಚೆ ಎಸೆದ. ಕೆಳಗೆ ತುಂಬು ಹೊಳೆ.

"ಎಸೆದೆ ಅಮ್ಮಾ! ನಿನ್ನನ್ನ ಕೇಳಲೇ ಇಲ್ಲ ನೋಡು!"

ಅಮೆಲಿಬಾಯಿ ಬಾಯಿಗೆ ಕೈಯಿಟ್ಟು ನಿಂತಳು. ಗಣಪಿ ಬೈಯೋಕೆ ಬಾಯಿ ತೆರೆದಳು. ಯಾರಿಗಂತ ಬೈಯೋದು? ಹೇಳಿಕೊಟ್ಟವಳು ತಾನೇ. ಮನೆಯಲ್ಲಿ ಒಂದು ದಿನ ಆ ತಿನಿಸಿನ ನಿಜ ಹೆಸರು ಹೇಳಿದ್ದರೆ ಸಾಕಿತ್ತು. ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಬುದ್ಯಾ," ಅಂದಳು ಮೆಲ್ಲಗೆ, "ತಟ್ಟೆ ಮುಖದ ಹತ್ರವೇ ಹಿಡಿದಿದ್ದೆಯಲ್ಲೋ. ಹೇಗಿತ್ತೋ ವಾಸನೆ?"

ಬುದ್ಯಾ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದ.

"ಘಮಘಮ ಅಂತಿತ್ತಮ್ಮಾ! ನಾತ ಇಷ್ಟು ಚೆನ್ನಾಗಿರುತ್ತೆ ಅಂತ ನೀನು ಹೇಳಲೇ ಇಲ್ವಲ್ಲ!"