ಒಂದೇ ಕಿಲೋಮೀಟರು

ನಮ್ಮೂರ ಅಂಗನವಾಡಿ ಉಳಿದದ್ದು ನನ್ನೊಬ್ಬನ ತಲೆಯಿಂದ. ನಾನು ಅಲ್ಲಿ ನೀರು ಹೊರುವವನು, ಆದರೂ ಹೇಳ್ತೀನಿ ಕೇಳಿ.

ಒಂದು ಬೆಳಿಗ್ಗೆ ಜೀಪಿನಲ್ಲಿ ಸಾಹೇಬರು ಬಂದರು. "ಇಲ್ಲಿ ಮಕ್ಕಳು ಕಮ್ಮಿ. ಈ ಕೇಂದ್ರ ಮುಚ್ಚಿ ಪಕ್ಕದೂರಿನದಕ್ಕೆ ಸೇರಿಸ್ತೀವಿ. ಒಂದೇ ಕಿಲೋಮೀಟರು, ನಡೀತಾರೆ ಬಿಡಿ" ಅಂದರು. ಟೀಚರು ಜವರಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರು. ತಾಯಂದಿರೆಲ್ಲ ಕೂಲಿಗೆ ಹೋಗುವವರು. ದಿನಾ ಅಲ್ಲಿಗೆ ಮಕ್ಕಳನ್ನು ಬಿಡುವವರು ಯಾರು?

ನಾನು ಕೈಮುಗಿದೆ. "ಒಳ್ಳೇ ಯೋಚನೆ ಸ್ವಾಮಿ. ಇವತ್ತೇ ಮಕ್ಕಳನ್ನ ಕರಕೊಂಡು ಹೋಗೋಣ. ಒಂದೇ ಕಿಲೋಮೀಟರು ತಾನೆ, ನೀವೂ ನಡೀರಿ."

ಹೊರಟೆವು. ಪುಟ್ಟಲಿಂಗ ಆಡಿನ ಮರಿ ಕಂಡು ಕೂತ. ಅದು ಎದ್ದು ಹೋಗುವವರೆಗೂ ಅವನು ಏಳಲಿಲ್ಲ. ಚೌಡಿಗೆ ಉಚ್ಚೆ ಬಂತು. ಅವಳನ್ನು ನೋಡಿ ಎಲ್ಲರಿಗೂ ಬಂತು. ಇಬ್ಬರು ಮಕ್ಕಳು ಸಾಹೇಬರ ಸೊಂಟ ಏರಿದರು, ಒಬ್ಬ ಅಲ್ಲೇ ಅವರ ಅಂಗಿ ಒದ್ದೆ ಮಾಡಿದ. ಒಂದು ಬಸವನಹುಳ ನಮ್ಮನ್ನು ಹಿಂದೆ ಹಾಕಿತು. ಸಾಹೇಬರೇ ಅದಕ್ಕೆ ದಾರಿ ಬಿಟ್ಟರು. ನಮ್ಮ ಜೊತೆ ಹೊರಟಿದ್ದ ಸೂರ್ಯ ಬೇಸತ್ತು ಮುಂದೆ ಹೋಗಿಬಿಟ್ಟ.

ಅರ್ಧ ದಾರಿಗೆ ಹುಣಸೇಮರ ಸಿಕ್ಕಿತು. ಸಾಹೇಬರು ಕೇಳಿದರು, "ಅಜ್ಜಾ, ಇನ್ನೂ ಎಷ್ಟು ದೂರ?"

ದಾರಿಯುದ್ದಕ್ಕೂ ಮಕ್ಕಳಿಗೆ ಹೇಳಿದ್ದನ್ನೇ ಹೇಳಿದೆ. "ಇಗೋ ಬಂತು, ಕಂದಾ."

ಅವರು ಮಣ್ಣಿನಲ್ಲೇ ಕೂತುಬಿಟ್ಟರು. "ನಾನು ಬರಲ್ಲ" ಅಂದರು.

ಹಿಂದಕ್ಕೆ ಕರೆತಂದು ಮಕ್ಕಳ ಸಾಲಿನಲ್ಲೇ ಕೂರಿಸಿ ಬೇಯಿಸಿದ ಮೊಟ್ಟೆ ಕೊಟ್ಟೆವು. ತಿಂದು ಚಾಪೆಯಲ್ಲಿ ಮಲಗಿದರು. ಎದ್ದ ಮೇಲೆ ಜವರಮ್ಮನವರಿಗೆ ಹೇಳಿದರು: "ಕೇಂದ್ರ ಇಲ್ಲೇ ಇರಲಿ. ಆ ಊರು ಬಹಳ ದೂರ."