ಮಾಳಿಗ್ಯಾಗ ಸಿಕ್ಕ ಬೀಗರು

ಕೇಳ್ರಪಾ, ನಗೂದು ಆಮೇಲೆ. ಎರಿ ಮಣ್ಣಿನ ಬಯಲಾಗ ಹೊಸದಾಗಿ ನೆಲಿಸಾಕ ಹೋದವರೊಳಗ ಫಕೀರವ್ವ ಮತ್ತ ಆಕಿ ಮಗ ದುಂಡ್ಯಾ ಇದ್ರು. ಕಣ್ಣು ಹಾಯೋತನಕ ಒಂದು ಗಿಡ ಇಲ್ಲ, ಒಂದು ಕಲ್ಲಿಲ್ಲ! ದಿಬ್ಬ ಕೊರೆದು ಮನಿ ಮಾಡಿದ್ರು. ಮುಂದೊಂದು ಬಾಗಿಲು, ಮ್ಯಾಲೆ ಮಣ್ಣಿನ ಮಾಳಿಗಿ, ಅದರ ಮ್ಯಾಲೆ ಹುಲ್ಲು. ಹಿಂದಿನಿಂದ ಬಂದವರಿಗೆ ಅದು ಮನಿ ಅಂತ ಗೊತ್ತೇ ಆಗೂದಿಲ್ಲ. ಒಳಗ ಮಾತ್ರ ಸುಡು ಬಿಸಲಾಗೂ ತಂಪು.

ಫಕೀರವ್ವಗ ಒಂದೇ ಆಸೆ, ಸೊಸಿ ಬರಬೇಕು. "ಬಿಲದಾಗ ಇರೋರಿಗೆ ಹೆಣ್ಣು ಯಾರು ಕೊಡ್ತಾರ?" ಅಂತಿದ್ರು ಮಂದಿ. ಕಡೀಗೆ ಹುಲಗಪ್ಪ ಅನ್ನಾವ, "ಸೋಮವಾರ ಮನಿ ನೋಡ್ತೀನಿ, ಆಮೇಲೆ ಮಗಳ ಮಾತು" ಅಂದ.

ಶನಿವಾರ ದುಂಡ್ಯಾ ಎಮ್ಮಿ ಮೇಯಿಸಾಕ ಹೋದಾವ ಸಂಜಿಯಾದ್ರೂ ಬರಲಿಲ್ಲ. ಅವ್ವ ಹೊರಗ ಬಂದು ನೋಡಿದ್ರ, ಮಾಳಿಗಿ ಮ್ಯಾಲೇ ಕುಂತು ಅಳಾಕತ್ತಾನ!

"ಯವ್ವಾ, ನಮ್ಮನಿ ಕಳೀತು!"

"ಅಯ್ಯ ಮಂಗ್ಯಾ! ಹೋಗೂಮುಂದ ಮನಿ ಮ್ಯಾಲೆ ಏನಾರ ಗುರುತು ಇಟ್ಟು ಹೋಗು!"

"ಹೂಂನವ್ವಾ!"

ರವಿವಾರ ಮಾಳಿಗಿ ಮ್ಯಾಲೆ ಗೂಟ ಬಡಿದ, ಗುರುತಿಗೆ ಎಮ್ಮಿ ಕಟ್ಟಿದ, ಬರೇ ಕೋಲು ಹಿಡಿದು ಎಮ್ಮಿ ಮೇಯಿಸಾಕ ಹೋದ! ಇತ್ತ ಎಮ್ಮಿ ಕಾಲು ಮಾಳಿಗಿ ತೂರಿ ಅಂಬಲಿ ಗಡಿಗ್ಯಾಗ ಇಳೀತು. ಕಾಲು ಎಳಿಯೂದ್ರಾಗ ತೂತು ಬುಟ್ಟಿ ಹಿಡಿಸೂವಷ್ಟಾತು.

ಸಂಜಿಗೆ ದುಂಡ್ಯಾ ಬಂದ ಕೂಡಲೇ ಅವ್ವ ಬೈದ್ಳು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇನ್ನ ಮಾಳಿಗಿ ಮ್ಯಾಲೆ ಯಾರ ಬಂದ್ರೂ ಓಡಿಸು!"

"ಹೂಂನವ್ವಾ!"

ಸೋಮವಾರ ಹುಲಗಪ್ಪ ಬಂದ. ಡೊಳ್ಳು ಹೊಟ್ಟಿ, ಮೈತುಂಬ ಬೆವರು. ಸೀದಾ ಮಾಳಿಗಿ ಮ್ಯಾಲೇ ಬಂದು ನಿಂತ.

"ತಮ್ಮಾ, ಫಕೀರವ್ವನ ಮನಿ ಎಲ್ಲೈತಿ?"

"ಮೊದಲ ಇಳೀರಿ! ಇಳೀರಿ!" ದುಂಡ್ಯಾ ಕೋಲು ಬೀಸಿ ಹಳ್ಳದ ತನಕ ಓಡಿಸಿದ.

ಫಕೀರವ್ವ ಹಣಿ ಹಣಿ ಬಡಕೊಂಡ್ಳು. "ಅವರು ಬೀಗರಲೇ! ನನ್ನ ಸೊಸಿ ಹೋದಳಲ್ಲೋ! ಓಡು, ಕಾಲಿಗೆ ಬಿದ್ದು ಕರಕೊಂಡು ಬಾ. ಹೊರಗ ನಿಲ್ಲಿಸಬ್ಯಾಡ, ಸೀದಾ ಒಳಗ ಇಳಿಸು!"

"ಹೂಂನವ್ವಾ!"

ಕಾಲಿಗೆ ಬಿದ್ದ, ಕರಕೊಂಡು ಬಂದ, ಎಮ್ಮಿ ಮಾಡಿದ ತೂತಿನಾಗ ಸೀದಾ ಇಳಿಸಿದ! ಬೀಗರು ಸೊಂಟದ ಮಟ ಇಳಿದು ಗಪ್ಪನ ಸಿಕ್ಕೊಂಡ್ರು.

ಒಳಗ ಫಕೀರವ್ವ ನೋಡ್ತಾಳ, ತಲಿ ಮ್ಯಾಲೆ ಎರಡು ಕಾಲು! ಏನ್ ಮಾಡ್ಯಾಳು ಪಾಪ? ಬೀಗರ ಕಾಲು ಅಲ್ಲೇನು? ತಂಬಿಗಿ ತಂದು ಕಾಲಿಗೆ ನೀರು ಹಾಕಿದ್ಳು.

ಮ್ಯಾಲಿಂದ ದನಿ ಬಂತು. "ಏನವ್ವಾ ಫಕೀರವ್ವಾ! ಮ್ಯಾಲೆ ನೆತ್ತಿ ಸುಡಾಕತ್ತೈತಿ, ಕೆಳಗ ಕಾಲಿಗೆ ಎಷ್ಟು ತಂಪೈತಿ! ನನ್ನ ಮಗಳು ಈ ಮನ್ಯಾಗ ಸುಖವಾಗಿರ್ತಾಳ. ಹೆಣ್ಣು ಕೊಟ್ಟೆ! ಮೊದಲ ನನ್ನ ಎತ್ತಿಸು!"

ಫಕೀರವ್ವಗ ನಗುವೂ ಬಂತು, ಕಣ್ಣಾಗ ನೀರೂ ಬಂತು. "ದುಂಡ್ಯಾ! ಮಾವನ್ನ ಎತ್ತೋ!" ಅಂತ ಕೂಗಿದ್ಳು.

ದುಂಡ್ಯಾ ಎಲ್ಲಿದ್ದಾನ? ಎಮ್ಮಿ ಹೊಡಕೊಂಡು ಆಗಲೇ ಅರ್ಧ ಬಯಲು ದಾಟಿದ್ದ. ತಿರುಗಿ ನೋಡಿ, ಖುಷಿಲಿಂದ ಕೈ ಬೀಸಿದ.

"ಮಾವಾ, ಸಂಜೀತನಕ ಅಲ್ಲೇ ಇರ್ರಿ! ಇಲ್ಲಿಂದ ನಮ್ಮನಿ ಛಲೋ ಕಾಣ್ತೈತಿ!"