ಸುತ್ತು ಮರೆತ ಗಾಣದ ಕುದುರೆ

ನಿನ್ನ ಕೈಲಿ ಆಗೋದಲ್ಲ ಅಂತ ತಿಪ್ಪಕ್ಕನಿಗೆ ಮೊದಲು ಅಂದವನು ಅವಳ ದೊಡ್ಡ ಭಾವ, ಆಮೇಲೆ ಸಣ್ಣ ಭಾವ, ಕೊನೆಗೆ ಇನ್ನೂ ಮೀಸೆ ಚಿಗುರದ ಮೈದುನನೂ ಅಂದನಂತೆ. ಯಾವ ಕಾಲ ಅಂತ ಕೇಳಬೇಡ ಕೂಸೇ, ನಾನೂ ಕಂಡಿಲ್ಲ, ನನ್ನಜ್ಜಿಯೂ ಕಂಡಿಲ್ಲ, ಕೋಟೆಗಳಲ್ಲಿ ಪಾಳೇಗಾರರಿದ್ದ ಕಾಲ.

ತಿಪ್ಪಕ್ಕ ಗಾಣಿಗರ ಮನೆ ಸೊಸೆ. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದು ಎಣ್ಣೆ ಗಾಣ, ಅದನ್ನು ತಿರುಗಿಸೋ ಬೂದಿ ಬಣ್ಣದ ಒಂದು ಕುದುರೆ. ಗಾಣಕ್ಕೆ ಯಾರಾದರೂ ಕುದುರೆ ಕಟ್ತಾರಾ ಅಂತೀಯಾ? ಅವಳ ಗಂಡ ಕಟ್ಟಿದ್ದನಂತೆ. ಎತ್ತು ಸತ್ತಾಗ ಸಂತೆಯಲ್ಲಿ ಸಿಕ್ಕಿತು ಅಂತ ಮರಿಯನ್ನೇ ಹಿಡಿದು ತಂದಿದ್ದ.

ಆ ಸೀಮೆಯಲ್ಲಿ ಕೋಟೆಯ ದೀಪಕ್ಕೆ ಎಣ್ಣೆ ಮುಟ್ಟಿಸುವವರಿಗೇ ಗಾಣದ ಹಕ್ಕು. ಕೋಟೆ ಇದ್ದದ್ದು ಗುಡ್ಡದ ಮೇಲೆ, ದಾರಿಯೆಲ್ಲ ಬಂಡೆ, ಗಾಡಿ ಹತ್ತುತ್ತಿರಲಿಲ್ಲ. ಮೊದಲೆಲ್ಲ ದೊಡ್ಡ ಭಾವನ ಎತ್ತಿನ ಮೇಲೆ ಹೇರಿ ಕಳಿಸುತ್ತಿದ್ದರು, ಈಗ ಭಾವ ಎತ್ತು ಕೊಡಲ್ಲ ಅಂದ. ಬರೋ ದೀಪಾವಳಿ ಅಮಾಸೆಗೆ ದೀಪ ಹಚ್ಚೋ ಹೊತ್ತಿಗೆ ನೀನೇ ಎಣ್ಣೆ ಮುಟ್ಟಿಸಿದರೆ ಗಾಣ ನಿನ್ನದು, ಇಲ್ಲದಿದ್ದರೆ ನಮಗೆ ಬಿಟ್ಟುಕೊಡು ಅಂತ ಹಿರಿಯರ ಮುಂದೆ ಮಾತಾಯಿತಂತೆ. ಸರಿ ಅಂದಳು ತಿಪ್ಪಕ್ಕ, ಮನೆಗೆ ಬಂದು ಸೆರಗು ಬಿಗಿದು ಕುದುರೆ ಹತ್ತಿದಳು.

ಹತ್ತಿದರೆ ಏನು, ಅದು ಹೊರಟಿತು, ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ, ಹೊರಟ ಜಾಗಕ್ಕೇ ಬಂತಂತೆ. ಇಳಿದು ಹಗ್ಗ ಹಿಡಿದು ಎಳೆದರೆ ಅವಳನ್ನೇ ಸುತ್ತಿತಂತೆ. ದೊಡ್ಡ ಭಾವ ಜಗಲಿ ಮೇಲೆ ಕೂತು ಕೇಳಿದ.

ಏನವ್ವಾ, ಕೋಟೆ ಬಂತಾ?

ಚಾಟಿ ತಗೋ ಅಂತ ಅವನೇ ಬುದ್ಧಿ ಹೇಳಿದ. ಚಾಟಿ ಎತ್ತಿದಳು, ಕುದುರೆ ಮಲಗಿಬಿಟ್ಟಿತು. ಬೆಲ್ಲ ತೋರಿಸು ಅಂದ ಸಣ್ಣ ಭಾವ. ಬೆಲ್ಲ ತಿಂತು, ತಿಂದುಕೊಂಡೇ ಸುತ್ತು ಹಾಕಿತು. ಮಾರಿಬಿಡು ಅತ್ತಿಗೆ, ಹೊಟ್ಟೆಗಾದರೂ ಆಗುತ್ತೆ ಅಂದ ಮೈದುನ. ಅವಳು ಅವನನ್ನು ಒಂದು ಸಲ ನೋಡಿದಳಂತೆ, ಅಷ್ಟೇ, ಅವನು ಒಳಗೆ ಹೋದ.

ಆಮೇಲೆ ಅವಳು ಕುದುರೆ ಪಕ್ಕ ಕೂತು ಯೋಚನೆ ಮಾಡಿದಳು. ಇದು ಮರಿಯಾಗಿದ್ದಾಗಿಂದ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ತಿರುಗಿದೆ, ಲೋಕ ಅಂದರೆ ಗಾಣದ ಸುತ್ತ ಇರೋ ಅಷ್ಟಗಲ ಅಂದುಕೊಂಡಿದೆ, ಇದನ್ನು ಬೈದು ಏನು ಮಾಡಲಿ? ಹಾಗಂದುಕೊಂಡು ಬೆಳಗ್ಗೆ ಮತ್ತೆ ಹತ್ತಿದಳು, ಸುತ್ತೋದನ್ನು ತಡೆಯಲಿಲ್ಲ, ಸುತ್ತು ಅಂತಲೇ ಬಿಟ್ಟಳು. ಎಡಗಾಲನ್ನು ಮಾತ್ರ ಅದರ ಪಕ್ಕೆಗೆ ಮೆತ್ತಗೆ ಒತ್ತಿದಳು. ಅದು ಚೂರು ಹೊರಕ್ಕೆ ಸರಿಯಿತು, ಕಾಲು ಸಡಿಲ ಬಿಟ್ಟು ಕತ್ತು ಸವರಿದಳು. ಹೀಗೆ ಮೊದಲು ಮನೆ ಸುತ್ತ ಒಂದು ಸುತ್ತು, ಆಮೇಲೆ ಕೇರಿ ಸುತ್ತ, ಆಮೇಲೆ ಕೆರೆ ಸುತ್ತ.

ಅಜ್ಜೀ, ಅದು ಸುತ್ತೋದೇ ಅಲ್ವಾ?

ಸುತ್ತೋದೇ ಕೂಸೇ. ಸುತ್ತು ಅಷ್ಟು ದೊಡ್ಡದಾದರೆ ದಾರಿ ನೆಟ್ಟಗೇ ಕಾಣುತ್ತೆ. ಕುದುರೆಗೂ ಹಾಗೇ ಅನ್ನಿಸಿತಂತೆ.

ಒಂದು ದಿನ ಕೆರೆ ಏರಿ ಮೇಲೆ ತನ್ನ ನೆರಳು ತಾನೇ ಕಂಡು ನಿಂತುಬಿಟ್ಟಿತು. ತಿಪ್ಪಕ್ಕ ಇಳಿಯಲಿಲ್ಲ, ಒದೆಯಲೂ ಇಲ್ಲ. ಬಿಸಿಲು ಏರಿತು, ಬಟ್ಟೆ ಒಗೆಯೋ ಹೆಂಗಸರು ಒಗೆದು ಒಣಗಿಸಿ ಮನೆಗೆ ಹೋದರು, ಇವಳು ಕೂತೇ ಇದ್ದಳು. ನಿಲ್ಲು, ನನಗೇನು ಅವಸರ ಇಲ್ಲ ಅಂದಳಂತೆ. ಕೊನೆಗೆ ಕುದುರೆಗೇ ಬೇಜಾರಾಗಿ ಹೆಜ್ಜೆ ಇಟ್ಟಿತು.

ಅಮಾಸೆ ಬಂತು. ಎರಡೂ ಪಕ್ಕೆಗೆ ಎಣ್ಣೆ ತುಂಬಿದ ಚರ್ಮದ ಚೀಲ ಇಳಿಬಿಟ್ಟುಕೊಂಡು ಹೊರಟಳು. ಹಳ್ಳ ದಾಟಿತು, ಬಂಡೆ ಏರಿತು. ಕೋಟೆ ಬಾಗಿಲು ಕಣ್ಣಿಗೆ ಬಿತ್ತು ಅನ್ನುವಾಗ ಪಕ್ಕದಲ್ಲಿ ಯಾರದೋ ಗಾಣ ಕಿರ್‍ರೋ ಅಂತ ತಿರುಗೋ ಸದ್ದು. ಅಷ್ಟೇ, ಕುದುರೆ ಕಲಿತದ್ದೆಲ್ಲ ಬಿಟ್ಟು ಅಲ್ಲೇ ಸುತ್ತೋಕೆ ಶುರು ಮಾಡಿತು. ಹೊತ್ತು ಮುಳುಗುತ್ತಿದೆ, ಹಿಂದೆ ಬಂದಿದ್ದ ಭಾವಂದಿರು ನೋಡುತ್ತಿದ್ದಾರೆ. ಅವಳಿಗೂ ಲಗಾಮು ಜಗ್ಗೋಣ ಅನ್ನಿಸಿತಂತೆ. ಜಗ್ಗಲಿಲ್ಲ. ಆಗಲಿ, ಒಂದು ಸುತ್ತು ಹಾಕು ಅಂದಳು, ಎಡಗಾಲು ಒತ್ತಿದಳು, ಸುತ್ತು ಅಗಲವಾಯಿತು, ಇನ್ನೂ ಅಗಲವಾಯಿತು, ಆ ಸುತ್ತಿನಲ್ಲೇ ಕೋಟೆ ಬಾಗಿಲೂ ಬಂದು ಸೇರಿತು, ಕುದುರೆ ಒಳಗೆ ಹೋಗಿ ನಿಂತಿತು. ಕಾವಲಿನವರು ಎಣ್ಣೆ ಇಳಿಸಿಕೊಂಡು ದೀಪ ಹಚ್ಚಿದರು.

ಗಾಣ ಅವಳದಾಯಿತು. ಮಾರನೆ ಬೆಳಗ್ಗೆ ಕುದುರೆಯನ್ನು ಗಾಣಕ್ಕೆ ಕಟ್ಟಿದರೆ ಕದಲಲಿಲ್ಲ. ಬಯಲು ನೋಡಿದ ಕಣ್ಣು, ಮತ್ತೆ ಬಟ್ಟೆ ಕಟ್ಟೋಕೆ ಅವಳಿಗೂ ಮನಸ್ಸು ಬರಲಿಲ್ಲ. ಈಗೇನು ಮಾಡ್ತೀಯವ್ವಾ ಅಂದ ದೊಡ್ಡ ಭಾವ. ತಿಪ್ಪಕ್ಕ ನೊಗ ತನ್ನ ಎಡ ಹೆಗಲಿಗೆ ಇಟ್ಟುಕೊಂಡಳು. ಬೆಳಗ್ಗೆಯೆಲ್ಲ ತಾನು ಗಾಣ ಸುತ್ತೋದು, ಸಂಜೆ ಕುದುರೆ ಹತ್ತಿ ಕೋಟೆಗೆ ನೆಟ್ಟಗೆ ಹೋಗೋದು, ಹೀಗೇ ವರುಷಗಟ್ಟಲೆ ಮಾಡಿ ಎರಡು ಎತ್ತು ಕೊಂಡಳಂತೆ. ದೊಡ್ಡ ಭಾವನ ಮನೆಗೂ ಅವಳ ಗಾಣದ ಎಣ್ಣೆಯೇ ಹೋಗುತ್ತಂತೆ.

ಕತೆ ಇಲ್ಲಿಗೆ ಬಂದು ನಿಂತಿತು, ಕಣ್ಣು ಮುಚ್ಚು. ಅವಳ ಹತ್ತಿರ ಈಗ ಏನೇನಿದೆ ಅಂತಲಾ? ಒಂದು ಗಾಣ, ಎರಡು ಎತ್ತು, ಸುತ್ತು ಮರೆತ ಕುದುರೆ, ಕೋಟೆ ತುಂಬ ಉರಿಯೋ ದೀಪ. ಎಡ ಹೆಗಲು ಮಾತ್ರ ಬಲಕ್ಕಿಂತ ತಗ್ಗು. ರವಿಕೆ ಹೊಲಿಸುವಾಗ ಎರಡು ಕಡೆಗೂ ಬೇರೆ ಬೇರೆ ಅಳತೆ ಕೊಡ್ತಾಳಂತೆ.